ಮನೆಯಿಂದ ಕಚೇರಿ ಕಂಪ್ಯೂಟರ್: ತಂತ್ರಾಂಶ ಆಯ್ಕೆಗೆ ಮುನ್ನ

ಕಚೇರಿಯ ಕಂಪ್ಯೂಟರ್‌ನಲ್ಲಿ ಉಳಿದುಹೋದ ಕಡತವನ್ನು ಮನೆಯಿಂದಲೇ ತೆರೆಯುವುದು ಇಂದು ಕಷ್ಟದ ಕೆಲಸವೇನಲ್ಲ. ಹಾಗೆ ತೆರೆದ ಬಾಗಿಲಿನಿಂದ ಅಪರಿಚಿತರು ಒಳಬರದಂತೆ ನೋಡಿಕೊಳ್ಳುವುದೇ ಕಷ್ಟ. ಆದ್ದರಿಂದ ತಂತ್ರಾಂಶ ಆಯ್ದುಕೊಳ್ಳುವಾಗ ವೇಗ, ಬೆಲೆಗಳಿಗಿಂತ ಮೊದಲು ಸಂಪರ್ಕ ಏರ್ಪಡುವ ವಿಧಾನವನ್ನು ಗಮನಿಸಬೇಕು.

ವಿಂಡೋಸ್‌ನಲ್ಲಿಯೇ ಅಡಕವಾಗಿರುವ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯಕ್ಕೆ ಪ್ರತ್ಯೇಕ ತಂತ್ರಾಂಶ ಬೇಕಿಲ್ಲ. ಆದರೆ ಕಚೇರಿಯ ಯಂತ್ರದಲ್ಲಿ ಪ್ರೊ ಅಥವಾ ಅದಕ್ಕಿಂತ ಮೇಲಿನ ಆವೃತ್ತಿ ಇರಬೇಕು. ಹೋಂ ಆವೃತ್ತಿಯು ಹೊರಗಿನಿಂದ ಬರುವ ಇಂಥ ಸಂಪರ್ಕವನ್ನು ಸ್ವೀಕರಿಸುವುದಿಲ್ಲ. ಇದು ಸಾಮಾನ್ಯವಾಗಿ 3389ನೇ ಸಂಖ್ಯೆಯ ಪೋರ್ಟ್ ಬಳಸುತ್ತದೆ. ರೌಟರ್‌ನಲ್ಲಿ ಈ ಪೋರ್ಟನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡುವುದು ಅನೇಕರು ಮಾಡುವ ತಪ್ಪು. ತೆರೆದ ಪೋರ್ಟ್‌ಗಳನ್ನು ಹುಡುಕಿ, ಒಂದಾದ ಮೇಲೊಂದು ಪಾಸ್‌ವರ್ಡ್ ಪ್ರಯತ್ನಿಸುವ ಸ್ವಯಂಚಾಲಿತ ತಂತ್ರಾಂಶಗಳು ಹಗಲಿರುಳೂ ಹೊಂಚು ಹಾಕುತ್ತಿರುತ್ತವೆ. ಪೋರ್ಟ್ ಸಂಖ್ಯೆ ಬದಲಿಸಿದರೆ ಸಾಕೆಂದು ಹೇಳುವವರಿದ್ದಾರೆ. ಅದು ಬಾಗಿಲಿಗೆ ಬೀಗ ಹಾಕದೆ ಮನೆಯ ನಂಬರ್ ಬದಲಿಸಿದಂತೆ. 2019ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ಬ್ಲೂಕೀಪ್ ದೋಷದಲ್ಲಂತೂ ದಾಳಿಕೋರನಿಗೆ ಪಾಸ್‌ವರ್ಡ್‌ನ ಅಗತ್ಯವೇ ಇರಲಿಲ್ಲ. ಬೆಂಬಲ ನಿಲ್ಲಿಸಿ ವರ್ಷಗಳಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ಪರಿಹಾರ ಬಿಡುಗಡೆ ಮಾಡಬೇಕಾಯಿತು. ಮೊದಲು ವಿಪಿಎನ್ ಮೂಲಕ ಕಚೇರಿಯ ಜಾಲವನ್ನು ಸೇರಿ, ಅನಂತರ ರಿಮೋಟ್ ಡೆಸ್ಕ್‌ಟಾಪ್ ಬಳಸುವುದು ಸರಿಯಾದ ಕ್ರಮ. ಇದಕ್ಕೆ ವೈರ್‌ಗಾರ್ಡ್, ಓಪನ್‌ವಿಪಿಎನ್‌ನಂತಹ ಮುಕ್ತ ತಂತ್ರಾಂಶಗಳಿವೆ.

ಟೀಮ್‌ವ್ಯೂವರ್, ಎನಿಡೆಸ್ಕ್‌ಗಳಲ್ಲಿ ರೌಟರ್ ಮುಟ್ಟುವ ತೊಂದರೆಯಿಲ್ಲ. ಎರಡೂ ಯಂತ್ರಗಳು ಕಂಪನಿಯ ಸರ್ವರ್ ಮೂಲಕ ಒಂದನ್ನೊಂದು ಪತ್ತೆಹಚ್ಚುತ್ತವೆ. ಅಂದರೆ ನಿಮ್ಮ ಭದ್ರತೆಯ ಒಂದು ಪಾಲು ಆ ಕಂಪನಿಯ ಕೈಯಲ್ಲಿರುತ್ತದೆ. ತನ್ನ ವ್ಯವಸ್ಥೆಗೆ ಕನ್ನ ಬಿದ್ದಿರುವುದನ್ನು 2024ರ ಫೆಬ್ರುವರಿಯಲ್ಲಿ ಎನಿಡೆಸ್ಕ್ ಒಪ್ಪಿಕೊಂಡು, ತನ್ನ ಜಾಲತಾಣದ ಬಳಕೆದಾರರ ಪಾಸ್‌ವರ್ಡ್‌ಗಳನ್ನು ರದ್ದುಪಡಿಸಿತ್ತು. ಇವುಗಳ ಉಚಿತ ಬಳಕೆ ವೈಯಕ್ತಿಕ ಕೆಲಸಕ್ಕೆ ಮಾತ್ರ. ಕಚೇರಿ ಕೆಲಸಕ್ಕೆ ಪರವಾನಗಿ ಕೊಳ್ಳಬೇಕು. ಉಚಿತವೆಂದು ನೆಚ್ಚಿಕೊಳ್ಳುವುದೂ ಕಷ್ಟ. ಲಾಗ್‌ಮೀಇನ್ 2014ರ ಜನವರಿಯಲ್ಲಿ ತನ್ನ ಉಚಿತ ಸೇವೆಯನ್ನು ಥಟ್ಟನೆ ನಿಲ್ಲಿಸಿತ್ತು. ಪರರ ಸರ್ವರ್ ಬೇಡವೆನ್ನುವವರು ರಸ್ಟ್‌ಡೆಸ್ಕನ್ನು ಸ್ವಂತ ಸರ್ವರ್‌ನಲ್ಲಿ ಸ್ಥಾಪಿಸಿಕೊಳ್ಳಬಹುದು, ಅದನ್ನು ನಿರ್ವಹಿಸುವ ತಾಳ್ಮೆಯಿದ್ದರೆ.

ಯಾವ ತಂತ್ರಾಂಶವಾದರೂ ಎರಡು ಹಂತದ ದೃಢೀಕರಣ ಇಲ್ಲದಿದ್ದರೆ ಕೈಬಿಡುವುದು ಲೇಸು. ಸಂಪರ್ಕ ಸಂಕೇತವನ್ನು ಯಾರಿಗೂ ಹೇಳಬಾರದು. ಫೋನ್ ಮಾಡಿ ಎನಿಡೆಸ್ಕ್ ಹಾಕಿಸಿ, ಅದರ 9 ಅಂಕಿಯ ಸಂಕೇತ ಪಡೆದು ಖಾತೆ ಬರಿದುಮಾಡುವ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲಿಯೇ ಎಚ್ಚರಿಸಿತ್ತು.

ಇನ್ನೊಂದು ಸಂಗತಿ ಬಹುಮಂದಿಯ ಗಮನಕ್ಕೆ ಬರುವುದಿಲ್ಲ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕಚೇರಿಯ ಪರದೆ ತಾನಾಗಿ ಲಾಕ್ ಆಗುತ್ತದೆ. ಟೀಮ್‌ವ್ಯೂವರ್, ಎನಿಡೆಸ್ಕ್‌ಗಳಲ್ಲಿ ಪರದೆ ಮರೆಮಾಡುವ ಆಯ್ಕೆಯನ್ನು ನೀವೇ ಒತ್ತದಿದ್ದರೆ, ಮನೆಯಲ್ಲಿ ಕುಳಿತು ನೀವು ತೆರೆದ ಪತ್ರವನ್ನು ಕಚೇರಿಯಲ್ಲಿ ನಿಮ್ಮ ಮೇಜಿನ ಬಳಿ ನಿಂತವರೂ ಓದಬಹುದು.