ಒಪ್ಪಂದದ ಆಳ್ವಿಕೆ ಮತ್ತು ಅದರ ಉಳಿಕೆಗಳು: ಉಗಾರ ಖುರ್ದ ಪರಿಸರ

ಬ್ರಿಟಿಷ್ ವಸಾಹತುಶಾಹಿಯ ಚರಿತ್ರೆಯೆಂದರೆ ಯುದ್ಧದಿಂದ ಗೆದ್ದು ನೇರವಾಗಿ ಆಳಿದ ಪ್ರಾಂತಗಳ ಚರಿತ್ರೆ ಮಾತ್ರವಲ್ಲ. ಸಣ್ಣ ಅರಸೊತ್ತಿಗೆಗಳನ್ನು ಅಳಿಸದೆ, ಕರಾರುಗಳ ಮೂಲಕ ಅಂಕೆಯಲ್ಲಿರಿಸಿಕೊಂಡ ಪರೋಕ್ಷ ಆಳ್ವಿಕೆಯೂ ಅದರ ಮುಖ್ಯ ಭಾಗ. ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನಲ್ಲಿ, ಕೃಷ್ಣಾ ತೀರದ ಉಗಾರ ಖುರ್ದದ ಸುತ್ತಲಿನ ಸೀಮೆಯು ಈ ಎರಡೂ ಪದ್ಧತಿಗಳನ್ನು ಅಕ್ಕಪಕ್ಕದಲ್ಲಿಯೇ ಕಂಡಿತು.

1818ರಲ್ಲಿ ಪೇಶ್ವೆಯ ಅಧಿಕಾರ ಕೊನೆಗೊಂಡ ತರುವಾಯ ಕಂಪನಿ ಸರ್ಕಾರವು 1819ರಲ್ಲಿ ಸಾಂಗ್ಲಿ ಮೊದಲಾದ ಪಟವರ್ಧನ ಮನೆತನಗಳೊಡನೆ ಪ್ರತ್ಯೇಕ ಕರಾರುಗಳನ್ನು ಮಾಡಿಕೊಂಡಿತು. ಚಿಕ್ಕೋಡಿಯನ್ನು 1827ರ ಒಪ್ಪಂದದ ಮೇರೆಗೆ ಕೊಲ್ಲಾಪುರದಿಂದ ತೆಗೆದುಕೊಳ್ಳಲಾಯಿತು. ನಿಪ್ಪಾಣಿಯ ಸಿದ್ದೋಜಿರಾವ ನಿಂಬಾಳಕರ 1839ರಲ್ಲಿ ಮರಣಹೊಂದಲು, ಅಥಣಿಯೂ ಒಳಗೊಂಡಂತೆ ಆ ಸಂಸ್ಥಾನ ಬ್ರಿಟಿಷರ ವಶವಾಯಿತು. ರಾಯಬಾಗ ಮಾತ್ರ ಕೊಲ್ಲಾಪುರದ ಅಧೀನದಲ್ಲಿಯೇ ಉಳಿಯಿತು. ಹೀಗೆ ಒಂದೇ ನದಿಯ ನೀರುಣ್ಣುವ ಊರುಗಳು ಬೇರೆ ಬೇರೆ ದೊರೆತನಗಳಿಗೆ ಹಂಚಿಹೋದವು.

ಇದೇ ಅವಧಿಯಲ್ಲಿ ಮುಂಬಯಿ ಸರ್ಕಾರವು ಅರಬ್ಬಿ ಸಮುದ್ರದ ಆಚೆಗೂ ಇಂಥದೇ ಉಪಾಯವನ್ನು ಅನುಸರಿಸಿದುದು ಗಮನಾರ್ಹ. ಮುಂಬಯಿಯಿಂದ ಹೊರಟ ನೌಕಾದಂಡಿನ ಬಲದಿಂದ 1820ರಲ್ಲಿ ಕೊಲ್ಲಿಯ ಶೇಖರೊಡನೆ ಒಪ್ಪಂದವಾಯಿತು. ಬಹರೈನ್ ಕೂಡ ಅದನ್ನು ಅಂಗೀಕರಿಸಿತು. ಬುಶೈರ್‌ನಲ್ಲಿದ್ದ ರೆಸಿಡೆಂಟನು 1873ರವರೆಗೆ ಮುಂಬಯಿಗೆ ಅಧೀನನಾಗಿದ್ದನು. 1880 ಮತ್ತು 1892ರ ಕರಾರುಗಳಿಂದ ಬಹರೈನ್‌ನ ವಿದೇಶ ವ್ಯವಹಾರವೆಲ್ಲ ಬ್ರಿಟಿಷರ ಕೈಸೇರಿತು. ಭಾರತದ ರೂಪಾಯಿಯೇ ಅಲ್ಲಿ ಚಲಾವಣೆಯಲ್ಲಿತ್ತು. ಕೊಲ್ಲಿಗಾಗಿಯೇ 1959ರಲ್ಲಿ ಪ್ರತ್ಯೇಕ ರೂಪಾಯಿ ಹೊರಟು, 1965ರಲ್ಲಿ ಬಹರೈನ್ ತನ್ನದೇ ದೀನಾರನ್ನು ಜಾರಿಗೆ ತಂದಿತು. ಕೃಷ್ಣಾತೀರದಲ್ಲಿಯೂ ಕೊಲ್ಲಿಯ ದಡದಲ್ಲಿಯೂ ಸೂತ್ರ ಒಂದೇ: ಅರಸನ ಗಾದಿ ಉಳಿಯಿತು, ಹೊರಗಿನ ಸಂಬಂಧಗಳ ಹಕ್ಕು ಹೋಯಿತು, ಆಂತರಿಕ ಆಡಳಿತದ ಮೇಲೆ ಬ್ರಿಟಿಷ್ ಅಧಿಕಾರಿಯ ಕಣ್ಣು ನೆಲೆಸಿತು.

ಪರಿಣಾಮಗಳು ಮಾತ್ರ ಭಿನ್ನವಾದವು. ಬಹರೈನ್ 1971ರಲ್ಲಿ ಸ್ವತಂತ್ರ ರಾಷ್ಟ್ರವಾಯಿತು. ಸಾಂಗ್ಲಿ ಮುಂತಾದ ದಖ್ಖನಿನ ಸಂಸ್ಥಾನಗಳು 1948ರ ಮಾರ್ಚಿನಲ್ಲಿ, ಕೊಲ್ಲಾಪುರವು 1949ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅಲ್ಲಿ ಒಪ್ಪಂದದ ಗಡಿ ದೇಶದ ಗಡಿಯಾಯಿತು. ಇಲ್ಲಿ ಸಂಸ್ಥಾನದ ಗಡಿಗಳು ಅಳಿದರೂ ಅವು ರೂಪಿಸಿದ ಸಂಬಂಧಗಳು ಅಳಿಯಲಿಲ್ಲ.

ಉಗಾರದ ಸಕ್ಕರೆ ಕಾರ್ಖಾನೆ ಇದಕ್ಕೆ ಸ್ಪಷ್ಟ ನಿದರ್ಶನ. 1932ರ ಸಕ್ಕರೆ ಉದ್ಯಮ ಸಂರಕ್ಷಣಾ ಕಾಯ್ದೆಯು ವಿದೇಶೀ ಸಕ್ಕರೆಯ ಮೇಲೆ ಸುಂಕದ ತಡೆಯೊಡ್ಡಿದ್ದರಿಂದ ದೇಶದಲ್ಲಿ ಕಾರ್ಖಾನೆಗಳು ಬೆಳೆದವು. ಆ ಅಲೆಯಲ್ಲಿ ಶಿರಗಾಂವಕರ ಮನೆತನದವರು 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಕಂಪನಿಯನ್ನು ಸ್ಥಾಪಿಸಿದರು. ನದಿಯ ನೀರು, ಕಬ್ಬಿಗೆ ಒಗ್ಗುವ ಕಪ್ಪುಮಣ್ಣು, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಮೀರಜ–ಲೋಂಡಾ ಮಾರ್ಗ ಇವೆಲ್ಲ ಅದಕ್ಕೆ ಅನುಕೂಲವಾಗಿ ಒದಗಿದವು. ಕಾರ್ಖಾನೆ ಉಗಾರದಲ್ಲಿ, ನೋಂದಾಯಿತ ಕಚೇರಿ ಸಾಂಗ್ಲಿಯಲ್ಲಿ! 1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿದಾಗ, ಹಳೆಯ ಸಂಸ್ಥಾನದ ರಾಜಧಾನಿಯು ನೆರೆರಾಜ್ಯದ ನಗರವಾಯಿತು.

ಭೂಮಾಪನದಲ್ಲಿಯೂ ಇಂಥ ಪದರುಗಳಿವೆ. 'ಖುರ್ದ', 'ಬುದ್ರುಕ' ಎಂಬ ಕಿರಿದು-ಹಿರಿದುಗಳ ಪಾರಸಿ ಗುರುತು ಬ್ರಿಟಿಷರಿಗಿಂತ ಹಳೆಯ ದಫ್ತರಿನ ಭಾಷೆಯದು. ಹೊಲದ ಸರ್ವೆ ನಂಬರು ಮುಂಬಯಿ ಸರ್ಕಾರದ ಭೂಮಾಪನ ಪದ್ಧತಿಯಿಂದ ಬಂದುದು. ಊರಿನ ಹೆಸರೂ ಹೊಲದ ಗುರುತೂ ಎರಡು ಆಳ್ವಿಕೆಗಳ ಸಾಕ್ಷ್ಯವನ್ನು ಒಟ್ಟಿಗೆ ಹೇಳುತ್ತವೆ.

ಭಾಷೆಯ ವಿಷಯದಲ್ಲಿ ಈ ಪರಂಪರೆ ಹೆಚ್ಚು ತೀಕ್ಷ್ಣವಾದುದು. ಕೊಲ್ಲಾಪುರ, ಸಾಂಗ್ಲಿ ಸಂಸ್ಥಾನಗಳ ದಫ್ತರು ಮರಾಠಿಯದು. ಬ್ರಿಟಿಷ್ ಬೆಳಗಾವಿಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರ ಶ್ರಮದಿಂದ ಕನ್ನಡ ಶಾಲೆಗಳು ಬೇರೂರಿದವು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವಾಗಲಿ, 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆಯಾಗಲಿ ಎದುರಿಸಬೇಕಾದ ಪ್ರಶ್ನೆಯ ಬೇರುಗಳಲ್ಲಿ ಈ ಹಂಚಿಕೆಯೂ ಒಂದು. ಆದುದರಿಂದ ಗಡಿಸೀಮೆಯ ಚರಿತ್ರೆಯನ್ನು 1956ರಿಂದ ಆರಂಭಿಸುವುದು ಅಪೂರ್ಣ. 1819ರ ಕರಾರುಗಳನ್ನೂ ಸಂಸ್ಥಾನಗಳ ದಫ್ತರುಗಳನ್ನೂ ಕನ್ನಡ ಸಂಶೋಧಕರು ಒಟ್ಟಾಗಿ ಪರಿಶೀಲಿಸಿದಲ್ಲಿ ಮಾತ್ರ ಈ ನೆಲದ ಬಹುಭಾಷಿಕ ಬಾಳಿಗೆ ನ್ಯಾಯ ದೊರಕೀತು.