ಮನೆತನದ ಮೂಲವನ್ನು ಅರಸುವ ಬಗೆ: ಹಳೆಯ ಧಾರವಾಡ ಜಿಲ್ಲೆಯ ಶ್ರಾವಕ ಕುಟುಂಬಗಳ ವಂಶಾವಳಿಗೆ ಆಧಾರಗಳು

ತಮ್ಮ ಮನೆತನದ ಹಿರಿಯರು ಯಾರೆಂದು ಕೇಳಿದರೆ ನಮ್ಮಲ್ಲಿ ಬಹುಜನರು ಅಜ್ಜನ ಹೆಸರನ್ನು ತಡವಿಲ್ಲದೆ ಹೇಳುತ್ತಾರೆ. ಮುತ್ತಜ್ಜನ ಹೆಸರನ್ನು ಸ್ವಲ್ಪ ಯೋಚಿಸಿ ಹೇಳುತ್ತಾರೆ. ಅದರಾಚೆಗೆ ‘ಮೂಲದಲ್ಲಿ ನಾವು ಇಂಥ ಊರಿನವರಂತೆ’ ಎಂಬ ಒಂದು ಮಾತು ಮಾತ್ರ ಉಳಿದಿರುತ್ತದೆ. ಮುತ್ತಜ್ಜಿಯ ತವರೂರು ಯಾವುದೆಂದು ಕೇಳಿದರೆ ಅಷ್ಟು ಕೂಡ ದೊರೆಯುವುದಿಲ್ಲ. ಅರಸು ಮನೆತನಗಳ ಇತಿಹಾಸವನ್ನು ವಿದ್ವಾಂಸರು ಬರೆದಿದ್ದಾರೆ. ಹೊಲ, ಅಂಗಡಿ, ಬಸದಿ ಈ ಮೂರರ ನಡುವೆ ಬಾಳಿದ ಸಾಮಾನ್ಯ ಶ್ರಾವಕ ಕುಟುಂಬದ ಇತಿಹಾಸವನ್ನು ಆಯಾ ಕುಟುಂಬದವರೇ ಹುಡುಕಬೇಕು. 1997ರಲ್ಲಿ ಧಾರವಾಡ, ಗದಗ, ಹಾವೇರಿ ಎಂದು ಮೂರಾಗಿ ಒಡೆದ ಹಳೆಯ ಧಾರವಾಡ ಜಿಲ್ಲೆಯ ಮಟ್ಟಿಗೆ ಇಂಥ ಹುಡುಕಾಟಕ್ಕೆ ಏನೇನು ಆಧಾರಗಳುಂಟು, ಅವುಗಳಲ್ಲಿ ಯಾವುದನ್ನು ಎಷ್ಟು ನಂಬಬಹುದು ಎಂಬುದನ್ನು ನನಗೆ ತಿಳಿದಷ್ಟರಲ್ಲಿ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಎಚ್ಚರಿಕೆ. ಅಡ್ಡಹೆಸರನ್ನು ನಂಬಿ ಹೊರಟವರು ಬಹುಬೇಗ ದಾರಿ ತಪ್ಪುತ್ತಾರೆ. ಪಾಟೀಲ, ದೇಸಾಯಿ, ನಾಡಗೌಡ ಎಂಬುವು ವತನದಿಂದ ಬಂದ ಹೆಸರುಗಳು. ಉಪಾಧ್ಯೆ ಎಂಬುದು ಪೂಜಾವೃತ್ತಿಯಿಂದ ಬಂದುದು. ವತನ ಬೇರೆಯವರಿಗೆ ಹೋದರೆ ಹೆಸರೂ ಹೋಗುತ್ತಿತ್ತು. ಒಬ್ಬನೇ ತಂದೆಯ ಮಕ್ಕಳು ಎರಡು ಊರುಗಳಲ್ಲಿ ಎರಡು ಅಡ್ಡಹೆಸರು ಪಡೆಯುತ್ತಿದ್ದರು. ಊರಿನ ಹೆಸರಿನಿಂದ ಬಂದ ಅಡ್ಡಹೆಸರುಗಳ ಸಂಗತಿ ಇನ್ನೂ ಸ್ವಾರಸ್ಯವಾದುದು. ಅಣ್ಣಿಗೇರಿಯಲ್ಲಿ ಇರುವವನನ್ನು ಯಾರೂ ‘ಅಣ್ಣಿಗೇರಿ’ ಎಂದು ಕರೆಯುವುದಿಲ್ಲ. ಅವನು ಹುಬ್ಬಳ್ಳಿಗೆ ಬಂದು ಅಂಗಡಿ ಹಾಕಿದ ಮೇಲೆ ‘ಅಣ್ಣಿಗೇರಿ’ಯವನಾಗುತ್ತಾನೆ. ಆದುದರಿಂದ ಅಡ್ಡಹೆಸರು ಹೇಳುವುದು ಕಡೆಯ ಬಾರಿ ಬಿಟ್ಟುಬಂದ ಊರನ್ನು, ಮೂಲಸ್ಥಾನವನ್ನಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯೂ ತೊಡಕನ್ನು ಹೆಚ್ಚಿಸುತ್ತದೆ. ಜಿನ್ನಪ್ಪನ ಮಗ ಪಾರಿಸಪ್ಪ, ಪಾರಿಸಪ್ಪನ ಮಗ ಜಿನ್ನಪ್ಪ ಎಂದು ನಾಲ್ಕು ತಲೆಮಾರು ನಡೆದರೆ, ಕಾಗದದಲ್ಲಿ ಕಂಡ ಜಿನ್ನಪ್ಪ ಯಾರೆಂದು ಗೊತ್ತುಹಚ್ಚುವುದು ಸುಲಭವಲ್ಲ.

ಇದಕ್ಕೆ ಉಪಾಯವೆಂದರೆ ಹೆಸರು ಹಿಡಿದು ಹೋಗದೆ ಹೊಲ ಹಿಡಿದು ಹೋಗುವುದು. ಹತ್ತೊಂಬತ್ತನೆಯ ಶತಮಾನದ ನಡುವೆ ಮುಂಬಯಿ ಸರಕಾರ ಈ ಭಾಗದಲ್ಲಿ ಮೋಜಣಿ ನಡೆಸಿ ಹೊಲಗಳಿಗೆ ಸರ್ವೇ ನಂಬರು ಕೊಟ್ಟಿತು. 1903ರ ಮುಂಬಯಿ ಕಾಯಿದೆಯಿಂದ ಹಕ್ಕುದಾಖಲೆಗಳ ಪದ್ಧತಿ ಆರಂಭವಾಯಿತು. ಅಂದಿನಿಂದ ಖಾತೆದಾರನು ತೀರಿಕೊಂಡಾಗಲೆಲ್ಲ ವಾರಸಾ ನೋಂದಣಿಯಾಗಿ, ಯಾರ ಹೆಸರು ಹೋಗಿ ಯಾರ ಹೆಸರು ಬಂತು ಎಂಬುದು ಫೇರಫಾರದ ಪುಸ್ತಕದಲ್ಲಿ, ನಮ್ಮ ಹಳ್ಳಿಗಳ ಮಾತಿನಲ್ಲಿ ಹೇಳುವುದಾದರೆ ‘ಡೈರಿ’ಯಲ್ಲಿ, ದಾಖಲಾಗುತ್ತ ಬಂದಿದೆ. 2000ದ ಸುಮಾರಿಗೆ ಪಹಣಿಗಳು ‘ಭೂಮಿ’ ಯೋಜನೆಯಡಿ ಗಣಕಯಂತ್ರಕ್ಕೆ ಬಂದವು. ಆದರೆ ವಂಶಾವಳಿ ಹುಡುಕುವವರಿಗೆ ಬೇಕಾದುದು ತಾಲೂಕು ಕಚೇರಿಯ ದಾಖಲೆ ಕೋಣೆಯಲ್ಲಿರುವ ಹಳೆಯ ಕೈಬರಹದ ಪುಸ್ತಕಗಳು. ಹೊಲ ಹಿಸ್ಸೆಯಾದಂತೆ ಸರ್ವೇ ನಂಬರಿನ ಬಾಲ ಬೆಳೆಯುತ್ತ ಹೋಗುತ್ತದೆ. ಅದನ್ನು ಹಿಂದಕ್ಕೆ ಓದಿದರೆ ಅಣ್ಣತಮ್ಮಂದಿರು ಬೇರೆಯಾದ ಕ್ರಮವೇ ಕಣ್ಣಿಗೆ ಕಾಣುತ್ತದೆ. ದತ್ತಕ ಹೋದವರ ಸಂಗತಿಯೂ ಇಲ್ಲಿಯೇ ಬಯಲಾಗುತ್ತದೆ.

1903ಕ್ಕಿಂತ ಹಿಂದಿನ ಕಾಗದಗಳು ಕುಲಕರ್ಣಿಗಳ ದಫ್ತರದವು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾದ ಬಳಿಕ ಅವುಗಳಲ್ಲಿ ಎಷ್ಟೋ ಕಟ್ಟುಗಳು ವಾಡೆಗಳ ಅಟ್ಟದ ಮೇಲೆಯೇ ಉಳಿದವು. ಅವು ಬಹುಮಟ್ಟಿಗೆ ಮೋಡಿ ಲಿಪಿಯಲ್ಲಿವೆ. ಮೋಡಿ ಓದುವವರು ಇಂದು ವಿರಳ. ಇರುವವರಿಂದ ಬೇಗನೆ ಓದಿಸಿಕೊಳ್ಳಬೇಕು. ಅವುಗಳಲ್ಲಿ ಕಾಲವನ್ನು ಬರೆಯುವ ಬಗೆ ನಾಲ್ಕು ತೆರನಾಗಿರುತ್ತದೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ; ಮುಂಬಯಿ ಕಡೆಯ ಫಸಲಿಗೆ 590 ಅಥವಾ 591ನ್ನು, ಮರಾಠರ ಕಾಗದಗಳ ಸುಹೂರ್ ಸನ್ನಿಗೆ 599 ಅಥವಾ 600ನ್ನು ಕೂಡಿಸಬೇಕು. ಸಂವತ್ಸರದ ಹೆಸರನ್ನಷ್ಟೇ ಬರೆದಿದ್ದರೆ ಎಚ್ಚರವಿರಬೇಕು. ‘ದುಂದುಭಿ’ ಎಂದರೆ 1862 ಆಗಬಹುದು, 1922 ಆಗಬಹುದು, 1982 ಕೂಡ ಆಗಬಹುದು. ಅರುವತ್ತು ವರ್ಷದ ತಪ್ಪಿನಲ್ಲಿ ಅಜ್ಜನೇ ಮೊಮ್ಮಗನಾಗಿಬಿಡುತ್ತಾನೆ. ಇನ್ನು ಒಂದು ಕುಟುಂಬದ ಹೆಸರುಗಳು ಥಟ್ಟನೆ ನಿಂತುಹೋದರೆ ಆ ಕಾಲದಲ್ಲಿ ಏನು ನಡೆದಿತ್ತೆಂಬುದನ್ನು ನೋಡಬೇಕು. 1876ರಲ್ಲಿ, ಧಾತು ಸಂವತ್ಸರದಲ್ಲಿ, ಆರಂಭವಾದ ಮಹಾಬರ, ಆ ಶತಮಾನದ ಕೊನೆಯ ಪ್ಲೇಗು, 1918ರ ಇನ್‌ಫ್ಲುಯೆಂಜಾ ಜ್ವರ, ಈ ಮೂರರಲ್ಲಿ ಮನೆಗಳು ಖಾಲಿಯಾದವು, ಊರುಗಳು ಕದಲಿದವು.

ಈ ದಾಖಲೆಗಳೆಲ್ಲ ಗಟ್ಟಿಯಾದವು. ಆದರೆ ಅವು ಹೊಲದ ದಾಖಲೆಗಳು, ಮನೆಯ ದಾಖಲೆಗಳಲ್ಲ. ಹೊಲ ಯಾರಿಗೆ ಹೋಯಿತೋ ಅವರ ಹೆಸರು ಮಾತ್ರ ಅಲ್ಲಿರುತ್ತದೆ. ಗಂಡುಮಕ್ಕಳಿದ್ದ ಮನೆಯಲ್ಲಿ ಹೆಣ್ಣುಮಕ್ಕಳ ಹೆಸರನ್ನು ವಾರಸಾದಲ್ಲಿ ಬರೆಸುವ ರೂಢಿಯೇ ಇರಲಿಲ್ಲ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು (ಅದು ಜೈನರಿಗೂ ಅನ್ವಯಿಸುತ್ತದೆ). 1994ರಲ್ಲಿ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ಈಗ ವಂಶಾವಳಿಯಲ್ಲಿ ಅಕ್ಕತಂಗಿಯರ ಹೆಸರು ಬರೆಯಲೇಬೇಕು. ಬರೆದ ಬೆನ್ನಿಗೇ ಬಹಳ ಕಡೆ ಹಕ್ಕು ಬಿಡುಗಡೆ ಪತ್ರವೂ ನೋಂದಣಿಯಾಗುತ್ತದೆ. ನೂರು ವರ್ಷ ಕಾಗದದಲ್ಲಿ ಕಾಣದಿದ್ದ ಹೆಣ್ಣುಮಗಳ ಹೆಸರು ಈಗ ಕಾಣಿಸಿಕೊಳ್ಳುವುದು ಅನೇಕ ವೇಳೆ ತನ್ನ ಹಕ್ಕನ್ನು ಬಿಟ್ಟುಕೊಡುವುದಕ್ಕಾಗಿ. ಮುಂದೆ ವಂಶಾವಳಿ ಹುಡುಕುವವರಿಗೆ ಆ ಪತ್ರಗಳು ಉಪಯುಕ್ತವಾಗುತ್ತವೆ ಎಂಬುದು ನಿಜ; ಸಮಾಧಾನದ ಸಂಗತಿಯೆಂದು ಮಾತ್ರ ನನಗೆ ಅನಿಸುವುದಿಲ್ಲ.

ಯಾರ ಮನೆಗೆ ಹೆಳವರು ಬರುವ ರೂಢಿಯುಂಟೋ ಅವರಿಗೆ ಇನ್ನೊಂದು ಆಧಾರವುಂಟು. ಎತ್ತಿನ ಮೇಲೆ ಕುಳಿತು ಬಾಗಿಲಿಗೆ ಬಂದು ಮನೆತನದ ಪೀಳಿಗೆಯನ್ನು ಮೂಲಪುರುಷನಿಂದ ಹೇಳಿ, ಕಾಳುಕಡಿ, ಬಟ್ಟೆಬರೆ ಪಡೆದು ಹೋಗುವ ಇವರು ನಮ್ಮ ಉತ್ತರ ಕರ್ನಾಟಕದ ನಡೆದಾಡುವ ದಫ್ತರ. ಯಾವ ಹೆಳವನಿಗೆ ಯಾವ ಊರು, ಯಾವ ಮನೆ ಎಂಬುದು ಅವರಲ್ಲಿ ಹಂಚಿಕೆಯಾಗಿರುತ್ತದೆ. ತಾಳೆಗರಿ, ತಾಮ್ರಪಟ, ಈಚೆಗೆ ಕಾಗದದ ಹೊತ್ತಿಗೆ, ಹೀಗೆ ಬರೆದಿಟ್ಟುಕೊಂಡ ಸಾಧನಗಳೂ ಅವರ ಬಳಿ ಇರುತ್ತವೆ. ಮೂಲಸ್ಥಳದಿಂದ ಊರೂರು ದಾಟಿ ಬಂದ ಕ್ರಮವನ್ನು ಇವರಂತೆ ಹೇಳಬಲ್ಲವರು ಬೇರೆ ಇಲ್ಲ. ಹಿಂದಿನ ತಲೆಮಾರುಗಳಿಗೆ ಹೋದಂತೆ ಹೊಗಳಿಕೆ ಹೆಚ್ಚುತ್ತದೆ. ಅಷ್ಟನ್ನು ತೂಕದಲ್ಲಿ ಕಳೆದುಕೊಳ್ಳಬೇಕು. ಅವರು ಬಂದಾಗ ‘ಆಮೇಲೆ ಬಾ’ ಎನ್ನದೆ ಕೂಡ್ರಿಸಿಕೊಂಡು ಬರೆದುಕೊಳ್ಳುವುದು ಲೇಸು.

ವ್ಯಾಪಾರಸ್ಥರ ಮನೆಗಳಲ್ಲಿ ಇರುವ ಆಧಾರ ಬೇರೆ. ಅದರ ಬೆಲೆಯನ್ನು ನಾವೇ ಅರಿತಿಲ್ಲ. ದೀಪಾವಳಿಯ ಪಾಡ್ಯಕ್ಕೆ ಹೊಸ ಕಿರ್ದಿ ಹಾಕಿ, ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುವುದು ಪದ್ಧತಿ. ಹತ್ತಾರು ವರ್ಷಗಳಾದ ಮೇಲೆ ರದ್ದಿಯವನಿಗೆ ಕಿಲೋ ಲೆಕ್ಕದಲ್ಲಿ ಕೊಡುವುದೂ ಈಗ ಪದ್ಧತಿಯಾಗಿದೆ! ಕಿರ್ದಿಯೆಂದರೆ ಬರಿಯ ಹತ್ತಿ, ಶೇಂಗಾ, ಜೋಳದ ಜಮಾಖರ್ಚಲ್ಲ. ಹೆರಿಗೆಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸಿದ ಗಾಡಿ ಬಾಡಿಗೆ, ಅಳಿಯನಿಗೆ ಕೊಡಿಸಿದ ಧೋತರ, ತೀರಿಕೊಂಡ ಹಿರಿಯರ ಹೆಸರಿನಲ್ಲಿ ಬಸದಿಗೆ ಕೊಟ್ಟ ಎಣ್ಣೆ, ನೋಂಪಿಯ ಉಜ್ಜವಣೆಯ ಖರ್ಚು, ಇವೆಲ್ಲ ತಿಥಿವಾರ ಸಹಿತ ಅಲ್ಲಿರುತ್ತವೆ. ಬಸದಿಗೆ ಕೊಟ್ಟ ಎಣ್ಣೆಯ ಒಂದು ಸಾಲಿನಿಂದ ಸತ್ತ ದಿನ ಗೊತ್ತಾಗುತ್ತದೆ. ಗಾಡಿ ಬಾಡಿಗೆಯ ಸಾಲಿನಿಂದ ಮಗಳನ್ನು ಕೊಟ್ಟ ಊರು ಗೊತ್ತಾಗುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದುದು ಮದುವೆಯ ಆಯೇರದ ಯಾದಿ. ಕೊಟ್ಟವರಿಗೆ ತಿರುಗಿ ಕೊಡಬೇಕೆಂಬ ಲೆಕ್ಕಕ್ಕಾಗಿ ಬರೆದ ಈ ಯಾದಿಯಲ್ಲಿ ಸೋದರಮಾವ, ಸೋದರತ್ತೆ, ಅಜ್ಜಿಯ ತವರಿನವರು, ದೊಡ್ಡಮ್ಮ ಚಿಕ್ಕಮ್ಮಂದಿರು, ಅವರವರ ಊರು, ಎಲ್ಲವೂ ಉಂಟು. ಪಹಣಿಯಲ್ಲಿ ಕಾಣೆಯಾದ ಹೆಣ್ಣುಮಕ್ಕಳು ಇಲ್ಲಿ ಸೀರೆ, ಕುಪ್ಪಸ, ರೂಪಾಯಿಗಳ ಸಹಿತ ಪ್ರತ್ಯಕ್ಷರಾಗುತ್ತಾರೆ. ಒಂದೇ ಮನೆಯ ಮೂರು ಮದುವೆಗಳ ಯಾದಿಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ ಯಾವ ಊರುಗಳ ನಡುವೆ ಕೊಟ್ಟುತಂದ ಸಂಬಂಧ ನಡೆಯಿತೆಂಬುದರ ನಕ್ಷೆಯನ್ನೇ ಬರೆಯಬಹುದು. ಅಟ್ಟ ಸ್ವಚ್ಛ ಮಾಡುವ ಮೊದಲು ಮನೆಯವರು ಇದನ್ನು ಲಕ್ಷ್ಯದಲ್ಲಿಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ಬಸದಿಯ ಕಡೆಗೆ ಬರೋಣ. ಕಾಗದಕ್ಕೆ ಇನ್ನೂರು ವರ್ಷದ ಆಯುಷ್ಯವಾದರೆ ಕಲ್ಲಿನದು ಸಾವಿರ ವರ್ಷದ ಮಾತು. ಗದಗ ಜಿಲ್ಲೆಯ ಮುಳಗುಂದದಲ್ಲಿ ಶಕ 824ರ, ಅಂದರೆ ಕ್ರಿ. ಶ. 902ರ ಸುಮಾರಿನ, ಶಾಸನವುಂಟು. ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದ್ದು. ಅಲ್ಲಿ ಜಿನಾಲಯವನ್ನು ಕಟ್ಟಿಸಿದವನು ಅರಸನಲ್ಲ, ದಂಡನಾಯಕನೂ ಅಲ್ಲ. ವೈಶ್ಯಕುಲದ ಚಂದ್ರಾರ್ಯನ ಮಗ ಚೀಕಾರ್ಯ. ಆ ಮನೆತನದ ಮುಂದಿನ ತಲೆಮಾರಿನವರ ದಾನವೂ ಅದೇ ಶಾಸನದಲ್ಲಿದೆ. ಹನ್ನೊಂದು ನೂರು ವರ್ಷಗಳ ಹಿಂದಿನ ಒಂದು ವೈಶ್ಯ ಕುಟುಂಬದ ಮೂರು ತಲೆಮಾರು ನಮಗೆ ಗೊತ್ತಿರುವುದು ಬಸದಿಯ ಒಂದು ಕಲ್ಲಿನಿಂದ.

ಮಹಾಕವಿ ಪಂಪನ ಸಂಗತಿ ಇನ್ನೂ ಮನನೀಯವಾದುದು. ತನ್ನ ಕಾವ್ಯದಲ್ಲಿ ಅವನು ಮಾಧವ ಸೋಮಯಾಜಿಯಿಂದ ಹಿಡಿದು ಅಭಿಮಾನಚಂದ್ರ, ಕೊಮರಯ್ಯ, ತಂದೆ ಅಭಿರಾಮದೇವರಾಯ ಎಂದು ತಂದೆಯ ಕಡೆಯ ಪೀಳಿಗೆಯನ್ನು ಹೇಳಿದ್ದಾನೆ. ತಾಯಿಯ ಕಡೆಯ ವಿಷಯ ತಿಳಿದುದು ಅವನ ತಮ್ಮ ಜಿನವಲ್ಲಭನ ಶಾಸನದಿಂದ. ಈಗಿನ ತೆಲಂಗಾಣದ ಕರೀಂನಗರದ ಕಡೆ, ಕುರ್ಕ್ಯಾಲದ ಹತ್ತಿರದ ಬೊಮ್ಮಲಗುಟ್ಟದಲ್ಲಿ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಬಂಡೆಯಲ್ಲಿ ಬಿಡಿಸಿ, ಕನ್ನಡ, ಸಂಸ್ಕೃತ, ತೆಲುಗು ಮೂರು ಭಾಷೆಗಳಲ್ಲಿ ಅವನು ಅದನ್ನು ಬರೆಸಿದನು. ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂಬ ಸಂಗತಿ ಅದರಲ್ಲಿದೆ. ಆ ಒಂದು ತವರೂರಿನ ಹೆಸರು ಇರದಿದ್ದರೆ, ಆದಿಕವಿಗೂ ನಮ್ಮ ಧಾರವಾಡ ಸೀಮೆಗೂ ಇದ್ದ ರಕ್ತಸಂಬಂಧ ಇಂದಿಗೂ ಊಹೆಯ ಮಾತಾಗಿಯೇ ಉಳಿಯುತ್ತಿತ್ತು.

ದಾನಚಿಂತಾಮಣಿ ಅತ್ತಿಮಬ್ಬೆಯ ಮನೆತನವೂ ಹಾಗೆಯೇ. ರನ್ನನು 993ರ ಅಜಿತಪುರಾಣದಲ್ಲಿ ತವರಿನ ಕಡೆ ನಾಗಮಯ್ಯ, ಅವನ ಮಕ್ಕಳು ಮಲ್ಲಪ್ಪಯ್ಯ ಮತ್ತು ಪೊನ್ನಮಯ್ಯ, ಮಲ್ಲಪ್ಪಯ್ಯನ ಮಕ್ಕಳು ಅತ್ತಿಮಬ್ಬೆ, ಗುಂಡಮಬ್ಬೆ ಎಂದೂ, ಗಂಡನ ಕಡೆ ದಲ್ಲಪ, ನಾಗದೇವ ಎಂದೂ ಎರಡು ವಂಶಗಳನ್ನು ಬಿಡದೆ ಹೇಳುತ್ತಾನೆ. ಲಕ್ಕುಂಡಿಯ ಬ್ರಹ್ಮಜಿನಾಲಯದ ಶಾಸನ ಶಕ 929ರ ಪ್ಲವಂಗ ಸಂವತ್ಸರದ್ದು, ಅಂದರೆ 1007ರದು. ಕಾವ್ಯವೂ ಶಾಸನವೂ ಒಂದಕ್ಕೊಂದು ಸಾಕ್ಷಿಯಾಗಿ ನಿಂತಿವೆ. ಹಾಗೆಂದು ಇಂದಿನ ಯಾವ ಕುಟುಂಬವೂ ‘ನಾವು ಅತ್ತಿಮಬ್ಬೆಯ ವಂಶದವರು’ ಎಂದು ಸಾಧಿಸಿ ತೋರಿಸಲಾರದು. ನಡುವಿನ ತಲೆಮಾರುಗಳ ಕೊಂಡಿ ಸಿಕ್ಕದೆ ಅಂಥ ಮಾತು ಆಡಬಾರದೆಂದು ನನ್ನ ಅಭಿಪ್ರಾಯ. ನಾನು ಗಮನಿಸಬೇಕೆನ್ನುವುದು ಬೇರೆ: ಸಾವಿರ ವರ್ಷದ ಹಿಂದಿನವರು ತವರನ್ನು ಬರೆದರು, ನೂರು ವರ್ಷದ ಹಿಂದಿನವರು ಬಿಟ್ಟರು.

ಕೈಬರಹದ ಶಾಸ್ತ್ರಗ್ರಂಥಗಳ ಕೊನೆಯ ಗರಿಯನ್ನೂ ಓದದೆ ಬಿಡಬಾರದು. ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳಲ್ಲಿ ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯೆಂಬ ಶ್ರಾವಿಕೆ ಶ್ರೀಪಂಚಮಿ ನೋಂಪಿಯ ಉಜ್ಜವಣೆಗೆಂದು ಬರೆಸಿ ಮಾಘಣಂದಿ ಯತಿಗಳಿಗೆ ಒಪ್ಪಿಸಿದಳೆಂಬುದು ಹಾಗೆಯೇ ತಿಳಿದುಬಂದದ್ದು. ನಮ್ಮ ಭಾಗದ ಬಸದಿಗಳ ಪೆಟ್ಟಿಗೆಗಳಲ್ಲಿಯೂ ಯಾರು ಬರೆಸಿದರು, ಯಾವ ನೋಂಪಿಗೆ ಕೊಟ್ಟರು ಎಂಬ ಇಂಥ ಸಾಲುಗಳು ಇರಬಹುದು. ನಿಸಿದಿಗಲ್ಲುಗಳು, ಲೋಹದ ಬಿಂಬಗಳ ಪೀಠದ ಹಿಂಬದಿ, ಗಂಟೆಯ ಅಂಚು, ದೀಪದ ಕಂಬ, ಇವನ್ನೆಲ್ಲ ಒಮ್ಮೆ ಹಗಲು ಬೆಳಕಿನಲ್ಲಿ ನೋಡಬೇಕು. ಅಚ್ಚಾಗಿರುವ ಶಾಸನಗಳನ್ನು ಹುಡುಕುವವರಿಗೆ ದಕ್ಷಿಣ ಭಾರತದ ಶಾಸನಗಳು ಎಂಬ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳು ಮುಂಬಯಿ ಕರ್ನಾಟಕಕ್ಕೆ ಸಂಬಂಧಿಸಿದವು, ಡಾ. ಎಂ. ಎಂ. ಕಲಬುರ್ಗಿಯವರು ಸಿದ್ಧಪಡಿಸಿದ ಧಾರವಾಡ ಜಿಲ್ಲೆಯ ಶಾಸನಸೂಚಿಯಿಂದ ಊರುವಾರು ಹುಡುಕುವುದು ಸುಲಭ. 1939ರಲ್ಲಿ ಸ್ಥಾಪಿತವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ವಿಚಾರಿಸಬಹುದು.

ಕಷ್ಟದ ಸಂಗತಿಯನ್ನೂ ಹೇಳಲೇಬೇಕು. ಇಂಥ ಅಕ್ಷರಗಳು ಹೆಚ್ಚಾಗಿ ಅಳಿಯುವುದು ಜೀರ್ಣೋದ್ಧಾರದ ಸಮಯದಲ್ಲಿ. ಭಕ್ತಿಯಿಂದಲೇ ಅಳಿಯುತ್ತವೆ. ಸುಣ್ಣ, ಬಣ್ಣ, ಕಲ್ಲಿಗೆ ಹೊಳಪು ಕೊಡುವ ಯಂತ್ರ, ನೆಲಕ್ಕೆ ಹಾಸುವ ಗ್ರಾನೈಟು, ಇವುಗಳ ಕೆಳಗೆ ಎಷ್ಟೋ ಹೆಸರುಗಳು ಹೋಗಿವೆ. ಸವೆದ ಬಿಂಬವನ್ನು ನೀರಿಗೆ ವಿಸರ್ಜಿಸುವಾಗ ಪೀಠದ ಬರಹವೂ ಅದರೊಡನೆ ಮುಳುಗುತ್ತದೆ. ಒಂದು ಕಲ್ಲನ್ನು ಕದಲಿಸುವ ಮುನ್ನ ಅದರ ಪಡಿಯಚ್ಚನ್ನೋ ಛಾಯಾಚಿತ್ರವನ್ನೋ ತೆಗೆಸಿ, ಅದು ಎಲ್ಲಿತ್ತೆಂಬುದನ್ನು ಬರೆದಿಡುವುದಕ್ಕೆ ಒಂದು ದಿನದ ಕೆಲಸವೂ ಹಿಡಿಯದು.

ಪ್ರತಿಷ್ಠೆಯ ಈ ಸಂದರ್ಭದಲ್ಲಿ ನೂತನ ಬಿಂಬಗಳ ಪೀಠದ ಮೇಲೂ ಗೋಡೆಯ ಫಲಕಗಳ ಮೇಲೂ ದಾನಿಗಳ ಹೆಸರು ಕೆತ್ತಿಸುವುದು ಎಲ್ಲ ಕಡೆ ವಾಡಿಕೆ. ಈಗಿನ ಫಲಕಗಳಲ್ಲಿ ಯಜಮಾನರ ಹೆಸರು, ಅಡ್ಡಹೆಸರು, ಮುಂದೆ ‘ಮತ್ತು ಕುಟುಂಬದವರು’ ಎಂದಿರುತ್ತದೆ. ನೋಂಪಿ ಹಿಡಿದವಳು, ಉಪವಾಸವಿದ್ದವಳು, ತನ್ನ ಬಳೆಯನ್ನು ಬಿಚ್ಚಿಕೊಟ್ಟವಳು ಆ ‘ಕುಟುಂಬದವರು’ ಎಂಬ ಪದದೊಳಗೆ ಅಡಗಿರುತ್ತಾಳೆ. ಅಲ್ಲಿ ಪತ್ನಿಯ ಹೆಸರನ್ನೂ, ಆಕೆಯ ತಂದೆತಾಯಿಗಳ ಹೆಸರನ್ನೂ, ತವರೂರನ್ನೂ, ಶಕವರ್ಷ ತಿಥಿಗಳನ್ನೂ ಸೇರಿಸಿ ಬರೆಸಬೇಕೆಂದು ಬಂಧುಗಳಲ್ಲಿ ನನ್ನ ವಿನಂತಿ. ಕೆತ್ತುವವನು ಅಕ್ಷರಕ್ಕೆ ಇಷ್ಟೆಂದು ಕೂಲಿ ಕೇಳುತ್ತಾನೆ, ನಿಜ. ಅಣ್ಣಿಗೇರಿ ಎಂಬುದಕ್ಕೆ ನಾಲ್ಕೇ ಅಕ್ಷರ.