ಗುರುತು ಕೇಳುವವರ ಕೈಯಲ್ಲಿ ಗುಟ್ಟು: ಹೊರಗುತ್ತಿಗೆ ಕಾಲ್ ಸೆಂಟರ್‌ಗಳು ಮತ್ತು ಕಾರ್ಡ್ ವಂಚನೆಯ ಚರಿತ್ರೆ

ಫೋನಿನ ಆ ತುದಿಯಲ್ಲಿರುವವರು ನಿಜವಾದ ಖಾತೆದಾರರೇ ಎಂದು ತಿಳಿಯಲು ಹುಟ್ಟಿದ ದಿನಾಂಕ, ವಿಳಾಸ, ತಾಯಿಯ ತವರುಮನೆಯ ಹೆಸರು, ಕಾರ್ಡಿನ ಕೊನೆಯ ಅಂಕಿಗಳು ಮುಂತಾದವನ್ನು ಕೇಳುವ ಪದ್ಧತಿ ಪಾಶ್ಚಾತ್ಯ ಬ್ಯಾಂಕುಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಅಮೆರಿಕದಲ್ಲಿ ನೌಕರರ ಪಿಂಚಣಿಯ ಲೆಕ್ಕವಿಡಲೆಂದು 1936ರಲ್ಲಿ ಕೊಡಲಾರಂಭಿಸಿದ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಕಾಲಕ್ರಮದಲ್ಲಿ ಸಾಲ, ಬಾಡಿಗೆ, ಬ್ಯಾಂಕ್ ಖಾತೆಗಳಿಗೆಲ್ಲ ಗುರುತಿನ ಆಧಾರವಾಗಿ ಈ ಪ್ರಶ್ನೆಗಳ ಸಾಲಿಗೆ ಸೇರಿತು. ಉತ್ತರ ಗ್ರಾಹಕನೊಬ್ಬನಿಗೇ ಗೊತ್ತಿರುತ್ತದೆ ಎಂಬ ನಂಬಿಕೆಯ ಮೇಲೆ ಪದ್ಧತಿ ನಿಂತಿತ್ತಾದರೂ, ಉತ್ತರ ಸರಿಯೇ ಎಂದು ನೋಡುವ ನೌಕರನ ಪರದೆಯ ಮೇಲೂ ಅದೇ ಮಾಹಿತಿ ಇರಲೇಬೇಕಾಗಿದ್ದುದರಿಂದ, ಕಾಯುವವರ ಕೈಗೇ ಕೀಲಿಯನ್ನು ಒಪ್ಪಿಸಿದಂತಾಗಿತ್ತು. ಒಬ್ಬರ ವಿವರಗಳನ್ನು ಬಳಸಿ ಅವರ ಹೆಸರಿನಲ್ಲಿ ಹಣ, ಸಾಲ ಅಥವಾ ಸೇವೆ ಪಡೆಯುವ ಕೃತ್ಯಕ್ಕೆ ಗುರುತಿನ ಕಳವು ಎಂದು ಹೆಸರು. ಅಮೆರಿಕದ ಸಂಸತ್ತು 1998ರಲ್ಲಿ ಇದನ್ನು ಪ್ರತ್ಯೇಕ ಅಪರಾಧವೆಂದು ಶಾಸನ ಮಾಡಿತು.

ಈ ಪರದೆಗಳು ಭಾರತಕ್ಕೆ ಬಂದದ್ದು 1990ರ ದಶಕದಲ್ಲಿ. ಅಮೆರಿಕನ್ ಎಕ್ಸ್‌ಪ್ರೆಸ್, ಬ್ರಿಟಿಷ್ ಏರ್‌ವೇಸ್, ಜನರಲ್ ಎಲೆಕ್ಟ್ರಿಕ್ ಮೊದಲಾದ ಸಂಸ್ಥೆಗಳು ಲೆಕ್ಕಪತ್ರದ ಮತ್ತು ಗ್ರಾಹಕ ಸೇವೆಯ ಕೆಲಸಗಳನ್ನು ದೆಹಲಿ, ಮುಂಬೈ, ಗುರುಗ್ರಾಮಗಳಿಗೆ ವರ್ಗಾಯಿಸಿದವು. 1999ರ ಹೊಸ ದೂರಸಂಪರ್ಕ ನೀತಿಯ ನಂತರ ಅಂತರರಾಷ್ಟ್ರೀಯ ಸಂಪರ್ಕದ ವೆಚ್ಚ ಇಳಿದಾಗ ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿಯೂ ಕಾಲ್ ಸೆಂಟರ್‌ಗಳು ತಲೆಯೆತ್ತಿ, ನ್ಯೂಯಾರ್ಕಿನ ಹಗಲಿಗೆ ಇಲ್ಲಿನ ಯುವಜನರು ರಾತ್ರಿಪಾಳಿಯಲ್ಲಿ ಉತ್ತರಿಸತೊಡಗಿದರು. ಕೆಲಸ ಗಡಿ ದಾಟಿದ ವೇಗದಲ್ಲಿ ಕಾನೂನು ದಾಟಲಿಲ್ಲ; ಭಾರತದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಗುರುತಿನ ಕಳವಿಗೆಂದೇ ಒಂದು ಕಲಮು ಇರಲಿಲ್ಲ.

ಅಪಾಯವೇನೂ ಭಾರತದಲ್ಲಿ ಹುಟ್ಟಿದ್ದಲ್ಲ. ಬ್ಯಾಂಕುಗಳಿಗೆ ಸಾಲಚರಿತ್ರೆಯ ವರದಿ ಪಡೆಯಲು ತಂತ್ರಾಂಶ ಒದಗಿಸುತ್ತಿದ್ದ, ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡಿನ ಕಂಪನಿಯೊಂದರ ಸಹಾಯವಾಣಿ ನೌಕರನು ಗ್ರಾಹಕ ಸಂಸ್ಥೆಗಳ ಗುಪ್ತಸಂಕೇತಗಳನ್ನು ಬಳಸಿ 30,000ಕ್ಕೂ ಹೆಚ್ಚು ಜನರ ವರದಿಗಳನ್ನು ವಂಚಕರಿಗೆ ಮಾರಿದ್ದು 2002ರಲ್ಲಿಯೇ ಬಯಲಾಗಿತ್ತು. ಆದರೂ 2005ರ ಏಪ್ರಿಲ್‌ನಲ್ಲಿ ಪುಣೆಯ ಪ್ರಕರಣ ಹೊರಬಿದ್ದಾಗ ಜಗತ್ತಿನ ಅನುಮಾನವೆಲ್ಲ ಹೊರಗುತ್ತಿಗೆಯ ಮೇಲೆ ತಿರುಗಿತು. ಎಂಫಸಿಸ್ ಸಮೂಹದ ಕಾಲ್ ಸೆಂಟರಿನ ಮಾಜಿ ನೌಕರರು, ಸಿಟಿಬ್ಯಾಂಕಿನ ಅಮೆರಿಕನ್ ಗ್ರಾಹಕರಿಂದ ಮಾತಿನಲ್ಲೇ ಪಿನ್ ಸಂಖ್ಯೆಗಳನ್ನು ಪಡೆದು, ಸುಮಾರು 3.5 ಲಕ್ಷ ಡಾಲರನ್ನು ಸುಳ್ಳು ಹೆಸರಿನ ಖಾತೆಗಳಿಗೆ ವರ್ಗಾಯಿಸಿದರು ಎಂಬುದು ಆರೋಪವಾಗಿತ್ತು. ಯಂತ್ರದ ಯಾವ ಬೀಗವೂ ಮುರಿಯದೆ, ವಿಶ್ವಾಸವೊಂದನ್ನೇ ಬಳಸಿ ಈ ಕೃತ್ಯ ನಡೆದಿತ್ತು. ಮರುವರ್ಷದ ಜೂನ್‌ನಲ್ಲಿ ಬೆಂಗಳೂರಿನ ಎಚ್‌ಎಸ್‌ಬಿಸಿ ದತ್ತಾಂಶ ಕೇಂದ್ರದ ನೌಕರನೊಬ್ಬನು ಬ್ರಿಟನ್ನಿನ ಸುಮಾರು 20 ಗ್ರಾಹಕರ ವಿವರ ಸೋರಿಸಿದ ಆರೋಪದಲ್ಲಿ ಬಂಧಿತನಾದನು. ಅವರ ಖಾತೆಗಳಿಂದ ಹೋದ ಹಣ 2,33,000 ಪೌಂಡ್.

ಉದ್ಯಮದ ಉತ್ತರ ಮೊದಲು ನೌಕರನ ಮೈಮೇಲೆಯೇ ಬಿತ್ತು. ಪೆನ್ನು, ಕಾಗದ, ಮೊಬೈಲುಗಳನ್ನು ಹೊರಗಿನ ಲಾಕರಿನಲ್ಲಿಟ್ಟು ತಪಾಸಣೆಗೊಳಗಾಗಿ ಒಳಹೋಗುವ ನಿಯಮ ಸಾಮಾನ್ಯವಾಯಿತು. ಕಂಪ್ಯೂಟರುಗಳ ಯುಎಸ್‌ಬಿ ಕಿಂಡಿಗಳನ್ನು ಮುಚ್ಚಲಾಯಿತು. ಉದ್ಯಮದ ಒಕ್ಕೂಟವಾದ ನಾಸ್ಕಾಂ 2006ರಲ್ಲಿ, ನೌಕರರ ಹಿನ್ನೆಲೆಯನ್ನು ಪರಿಶೀಲಿಸಿ ಬೆರಳಚ್ಚಿನೊಡನೆ ದಾಖಲಿಸುವ ರಾಷ್ಟ್ರೀಯ ಕೌಶಲ ನೋಂದಣಿಯನ್ನು ಆರಂಭಿಸಿತು. ಈ ಕ್ರಮಗಳು ಅನಗತ್ಯವಾಗಿರಲಿಲ್ಲ. ಆದರೆ ಕೆಲವರ ತಪ್ಪಿಗೆ ಪ್ರಾಮಾಣಿಕವಾಗಿ ದುಡಿಯುತ್ತಿದ್ದ ಲಕ್ಷಾಂತರ ಮಂದಿ ದಿನವೂ ಶಂಕಿತರಂತೆ ಬಾಗಿಲು ದಾಟಬೇಕಾದದ್ದು ಈ ಚರಿತ್ರೆಯ ಒಂದು ನೋವಿನ ಭಾಗವಾಗಿದೆ. ಪುಣೆಯ ಪ್ರಕರಣ ಹೊರಬಿದ್ದ 2005ರಲ್ಲಿಯೇ ಅಮೆರಿಕದ ಅರಿಜೋನಾದಲ್ಲಿದ್ದ ಕಾರ್ಡ್‌ಸಿಸ್ಟಮ್ಸ್ ಎಂಬ ಪಾವತಿ ಸಂಸ್ಥೆಯಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಅಪಾಯಕ್ಕೆ ಸಿಲುಕಿದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ, ದೋಷ ಯಾವುದೇ ಒಂದು ದೇಶದ ಜನರದ್ದಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಕಾನೂನು ಎರಡನೆಯ ಹಂತದಲ್ಲಿ ಬಂತು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಂದು 2009ರ ಅಕ್ಟೋಬರ್ 27ರಿಂದ ಜಾರಿಗೊಳಿಸಿದ ತಿದ್ದುಪಡಿಯಲ್ಲಿ, 66ಸಿ ಕಲಮು ಗುರುತಿನ ಕಳವಿಗೆ 3 ವರ್ಷದವರೆಗೆ ಸೆರೆವಾಸವನ್ನು ವಿಧಿಸಿತು. ಒಪ್ಪಂದವನ್ನು ಮುರಿದು ವೈಯಕ್ತಿಕ ಮಾಹಿತಿ ಹೊರಗೆಡಹುವವರನ್ನು 72ಎ ಕಲಮು ಶಿಕ್ಷೆಗೆ ಒಳಪಡಿಸಿತು. ಸೂಕ್ಷ್ಮ ಮಾಹಿತಿಯನ್ನು ನಿರ್ಲಕ್ಷ್ಯದಿಂದ ಕಾಯ್ದ ಸಂಸ್ಥೆ ಪರಿಹಾರ ತೆರಬೇಕೆಂದು 43ಎ ಕಲಮು ಹೇಳಿತು. ಹೊಣೆ ನೌಕರನನ್ನು ದಾಟಿ ಸಂಸ್ಥೆಯನ್ನೂ ಮುಟ್ಟಿದ್ದು ಇಲ್ಲಿಯೇ.

ಮೂರನೆಯ ಹಂತವೇ ಎಲ್ಲಕ್ಕಿಂತ ಮುಖ್ಯವಾದದ್ದು, ಏಕೆಂದರೆ ಅದು ನೌಕರನ ಕಣ್ಣಿಗೆ ಬೀಳುವ ಮಾಹಿತಿಯನ್ನೇ ಕಡಿಮೆ ಮಾಡಿತು. ಇದರ ಆರಂಭ ಮೊದಲೇ ಆಗಿತ್ತು: ಕಾರ್ಡ್ ಕಂಪನಿಗಳು 2004ರ ಡಿಸೆಂಬರಿನಲ್ಲಿಯೇ ಒಟ್ಟಾಗಿ ಹೊರಡಿಸಿದ ಪಿಸಿಐ ಡಿಎಸ್‌ಎಸ್ ಎಂಬ ಸುರಕ್ಷತಾ ನಿಯಮಾವಳಿ, ಕಾರ್ಡಿನ ಹಿಂಬದಿಯ ಮೂರಂಕಿಯ ಸಿವಿವಿ ಸಂಖ್ಯೆಯನ್ನು ವ್ಯವಹಾರಕ್ಕೆ ಅನುಮೋದನೆ ದೊರೆತ ಮೇಲೆ ಉಳಿಸಿಕೊಳ್ಳಬಾರದೆಂದು ವಿಧಿಸಿತು. ಗ್ರಾಹಕರು ಸಂಖ್ಯೆಯನ್ನು ಬಾಯಲ್ಲಿ ಹೇಳದೆ ತಮ್ಮ ಫೋನಿನ ಗುಂಡಿಗಳನ್ನೇ ಒತ್ತಿ ಕಳುಹಿಸುವ ವ್ಯವಸ್ಥೆ ಬಂದಿತು. ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಎರಡನೆಯ ದೃಢೀಕರಣವನ್ನು ಭಾರತೀಯ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಕಡ್ಡಾಯಗೊಳಿಸಿತು. 2022ರ ಅಕ್ಟೋಬರ್‌ನಿಂದ ವ್ಯಾಪಾರಿಗಳು ಕಾರ್ಡಿನ ಸಂಖ್ಯೆಯ ಬದಲು ಟೋಕನ್ ಎಂಬ ಪರ್ಯಾಯ ಸಂಕೇತವನ್ನಷ್ಟೇ ಇಟ್ಟುಕೊಳ್ಳಬೇಕಾಯಿತು. ಕದ್ದ ಕಾರ್ಡ್ ಸಂಖ್ಯೆಯೊಂದರಿಂದಲೇ ಹಣ ತೆಗೆಯುವುದು ಇದರಿಂದ ಕಷ್ಟವಾಯಿತು.

ಪಾಠ ಎಲ್ಲೆಡೆ ತಲುಪಲಿಲ್ಲ. ಮೆಕ್ಸಿಕೊ, ಕೊಲಂಬಿಯಾ, ಫಿಲಿಪ್ಪೀನ್ಸ್‌ಗಳ ಕಾಲ್ ಸೆಂಟರ್‌ಗಳಲ್ಲಿ ಸುಮಾರು 2,80,000 ಗ್ರಾಹಕರ ಮಾಹಿತಿ ಸೋರಿದ್ದಕ್ಕಾಗಿ ಎಟಿ ಅಂಡ್ ಟಿ ಕಂಪನಿ 2015ರಲ್ಲಿ ಅಮೆರಿಕದ ದೂರಸಂಪರ್ಕ ಆಯೋಗಕ್ಕೆ 2.5 ಕೋಟಿ ಡಾಲರ್ ತೆತ್ತಿತು. ಕ್ರಿಪ್ಟೊ ಹಣದ ವಿನಿಮಯ ಕೇಂದ್ರವಾದ ಕಾಯಿನ್‌ಬೇಸ್ ತನ್ನ ಹೊರದೇಶದ ಸಹಾಯಕ ನೌಕರರಿಗೆ ಲಂಚ ಕೊಟ್ಟು ವಂಚಕರು ಮಾಹಿತಿ ಪಡೆದರೆಂದು 2025ರಲ್ಲಿ ಪ್ರಕಟಿಸಿತು. ಈ ಎರಡು ದಶಕಗಳ ಘಟನೆಗಳು ಒಂದೇ ತೀರ್ಮಾನಕ್ಕೆ ತರುತ್ತವೆ: ಅಲ್ಪ ಸಂಬಳದ ನೌಕರನೆದುರು ಇಡೀ ಖಾತೆಯನ್ನು ತೆರೆದಿಟ್ಟು, ಆಮೇಲೆ ಅವನ ಜೇಬು ತಡಕುವುದರಿಂದ ವಂಚನೆ ನಿಲ್ಲುವುದಿಲ್ಲ. ಸೇವೆಗೆ ಬೇಕಾದಷ್ಟನ್ನೇ ತೋರಿಸುವ ಪರದೆಯನ್ನು ರೂಪಿಸುವ ಹೊಣೆ ಕೆಲಸವನ್ನು ಹೊರಗೆ ಕೊಟ್ಟ ಸಂಸ್ಥೆಯದು, ಮತ್ತು ಆ ಹೊಣೆಯನ್ನು ಯಾವ ಗುತ್ತಿಗೆಯ ಪತ್ರದಿಂದಲೂ ಬೇರೊಬ್ಬರಿಗೆ ದಾಟಿಸಲಾಗದು.